ಬಿಲ್ಲೆ ಬಂದರೆ ಸಾಲದು

ಎರಡು ಸುದ್ದಿಗಳೂ ಒಂದೇ ಬೆಳಿಗ್ಗೆ ಬಂದವು, ಅದೂ ನಾನು ಕಚೇರಿಯ ಕಸ ಗುಡಿಸಿ ಮುಗಿಸುವ ಮೊದಲೇ.

ಕಚೇರಿ ಅಂದರೆ ಬಂಗಾರಪೇಟೆ ರೈಲು ನಿಲ್ದಾಣದ ಹತ್ತಿರ, ಬೇಕರಿಯೊಂದರ ಮಹಡಿಯ ಮೇಲಿನ ಒಂದೇ ಕೋಣೆ. ಸುತ್ತಮುತ್ತಲಿನ ಸಣ್ಣ ಸಂಘಗಳಿಗೆ ನೋಟಿಸು ಬಂದಾಗ, ನೋಂದಣಿ ರದ್ದಾಗುವ ಹಾಗಾದಾಗ, ತೆರಿಗೆಯವರ ಪತ್ರ ತಲೆಬುಡ ತಿಳಿಯದೆ ಹೋದಾಗ ಅವರಿಗೆ ಕಾನೂನಿನ ನೆರವು ಕೊಡುವುದು ನಮ್ಮ ಕೆಲಸ. ನಮ್ಮ ಅಂದರೆ ನಾನು, ಮತ್ತು ವಾರದಲ್ಲಿ ಎರಡು ಸಲ ಬಂದು ಹೋಗುವ ಒಬ್ಬ ಹಿರಿಯ ವಕೀಲರು. ನಾನೂ ಕಾನೂನು ಓದಿದವಳೇ. ಕೋರ್ಟಿನಲ್ಲಿ ಎದ್ದು ನಿಂತರೆ ಬಾಯಿ ಒಣಗುತ್ತದೆ ಅಂತ ಕಾಗದದ ಕೆಲಸ ಹಿಡಿದೆ. ಇಲ್ಲೂ ಬಾಯಿ ಒಣಗುವುದೇನೂ ತಪ್ಪಲಿಲ್ಲ. ಇದಕ್ಕೆಲ್ಲ ಹಣ ಕೊಡುತ್ತಿದ್ದದ್ದು ಬೆಂಗಳೂರಿನ ಒಂದು ಪ್ರತಿಷ್ಠಾನ.

ಮೊದಲ ಸುದ್ದಿ ಮೆಟ್ಟಿಲು ಹತ್ತಿಕೊಂಡು ಬಂತು. ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿ ಆಕೆ. ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಒಂದು ದೊಡ್ಡ ಕಟ್ಟಡದಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಾಳೆ. ಅವತ್ತು ರೈಲು ಬಿಟ್ಟು ನನ್ನ ಬಾಗಿಲಿಗೆ ಬಂದಿದ್ದಳು ಅಂದಾಗಲೇ ಪೊರಕೆಯನ್ನು ಮೂಲೆಗಿಟ್ಟೆ.

"ಅಕ್ಕ, ರಿಜಿಸ್ಟ್ರು ತೆಗೆದಾಕ್ತಾರಂತೆ," ಅಂದಳು. "ಕೋಲಾರದಿಂದ ಬಂದೈತೆ. ನಾವೇನ್ ಮಾಡಿದ್ವಿ ಅಂತ ನಂಗೆ ಗೊತ್ತಾಯ್ತಿಲ್ಲ."

ಅದು ಕೋಲಾರದ ಸಂಘಗಳ ನೋಂದಣಿ ಕಚೇರಿ ಕಾರಣ ಕೇಳಿ ಕೊಟ್ಟ ನೋಟಿಸು. ಕಳೆದ ವಾರ್ಷಿಕ ಮಹಾಸಭೆಯಲ್ಲಿ ಕೋರಂ ಇತ್ತೆಂದು ಸಂಘ ಬರೆದುಕೊಟ್ಟಿದೆ. ಆದರೆ ಅಷ್ಟು ಜನ ಅಲ್ಲಿ ಇರಲೇ ಇಲ್ಲ ಎಂದು ದೂರು ಬಂದಿದೆ. ನಡಾವಳಿ ಸುಳ್ಳಾಗಿದ್ದರೆ ನೋಂದಣಿಯನ್ನು ಏಕೆ ರದ್ದು ಮಾಡಬಾರದು? ಇಷ್ಟೇ ಅದರ ಸಾರ. ದೂರು ಕೊಟ್ಟವನು ಸಂಘದಿಂದ ಹೊರಗೆ ಹೋಗಿದ್ದ ಒಬ್ಬ ಹಳೆಯ ಸದಸ್ಯ. ತನ್ನ ಅಳಿಯನ ಶಾಮಿಯಾನದ ಸಾಮಾನು ಇಟ್ಟುಕೊಳ್ಳಲು ಸಂಘದ ಹಾಲ್ ಕೇಳಿದ್ದನಂತೆ, ಇವರು ಕೊಟ್ಟಿರಲಿಲ್ಲ.

ಆ ಹಾಲ್ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಗಣಿ ಮುಚ್ಚಿ ಎರಡು ದಶಕ ದಾಟಿದರೂ ಗಣಿಯ ಧೂಳು ಆ ಮನುಷ್ಯರ ಶ್ವಾಸಕೋಶ ಬಿಟ್ಟು ಹೋಗಿಲ್ಲ. ಹತ್ತು ಹೆಜ್ಜೆ ನಡೆದರೆ ಏದುಸಿರು. ಹಾಲ್‌ನಲ್ಲಿ ಗಾಳಿಯಿಂದ ಆಮ್ಲಜನಕ ತೆಗೆದು ಕೊಡುವ ಯಂತ್ರಗಳಿವೆ. ಮಧ್ಯಾಹ್ನ ಸರದಿಯ ಮೇಲೆ ಬಂದು, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕೂತು ಹೋಗುತ್ತಾರೆ. ಜನ ಅದನ್ನು ಕರೆಯುವುದೇ ಉಸಿರಿನ ಮನೆ ಅಂತ. ಕಟ್ಟಡವನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟವರದು ಒಂದೇ ಷರತ್ತು: ಸಂಘದ ನೋಂದಣಿ ಚಾಲ್ತಿಯಲ್ಲಿರಬೇಕು. ನೋಂದಣಿ ಹೋದರೆ ಹಾಲ್ ಹೋಗುತ್ತದೆ, ಹಾಲ್ ಹೋದರೆ ಯಂತ್ರಗಳಿಗೆ ಜಾಗವಿಲ್ಲ. ಈ ಕಾರ್ಯದರ್ಶಿಯ ಗಂಡನನ್ನೂ ಉಸಿರು ಸ್ವಲ್ಪ ಹಿಡಿತದಲ್ಲಿರುವ ದಿನಗಳಲ್ಲಿ ಅಲ್ಲಿಗೆ ಎತ್ತಿಕೊಂಡು ಹೋಗುತ್ತಾರೆ.

"ನಮ್ಮನೆಯೋರು ಆ ಮಿಷಿನ್ ಇಲ್ದಿದ್ರೆ ರಾತ್ರಿ ಕಣ್ಣು ಮುಚ್ಚಾಕಾಗಲ್ಲ ಅಕ್ಕ," ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡನೆಯ ಸುದ್ದಿ ಮೇಲ್‌ನಲ್ಲಿ ಬಂತು. ಪ್ರತಿಷ್ಠಾನ ನಮಗೆ ಎರಡನೆಯ ಕಂತು ಬಿಡುಗಡೆ ಮಾಡುವ ಮುನ್ನ ಒಂದು ಹೊಸ ಷರತ್ತು ಸೇರಿಸಿತ್ತು. ನಮ್ಮಿಂದ ನೆರವು ಪಡೆಯುವ ಪ್ರತಿ ಸಂಘದ ನೋಂದಣಿ ಸರಿಯಾಗಿರಬೇಕು, ಅದರ ಮೇಲೆ ಯಾವ ವಿಚಾರಣೆಯೂ ಬಾಕಿ ಇರಬಾರದು. ಓದಿ ನನಗೆ ನಗು ಬಂತು, ಹಿಂದೆಯೇ ಸಿಟ್ಟು. ವಿಚಾರಣೆ ಇಲ್ಲದ ಸಂಘ ನಮ್ಮ ಮೆಟ್ಟಿಲು ಯಾಕೆ ಹತ್ತುತ್ತದೆ? ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ ಅನ್ನುವ ಗಾದೆಯನ್ನು ಯಾರೋ ಕೂತು ಕರಾರುಪತ್ರದ ಭಾಷೆಗೆ ತಿದ್ದಿದ ಹಾಗಿತ್ತು. ಆದರೆ ಉರಿಗಾಂನ ಹೊಲಿಗೆ ಹೆಂಗಸರ ಸಂಘ, ಕಾಮಸಮುದ್ರದ ಕಡೆಯ ಕುರಿಗಾಹಿಗಳ ಸಂಘ, ಬೇಕರಿಯವರ ಬಾಡಿಗೆ, ನನ್ನ ಸಂಬಳ, ಎಲ್ಲವೂ ಆ ಕಂತಿನ ಮೇಲೇ ನಿಂತಿದ್ದವು. ನಗು ಬಹಳ ಹೊತ್ತು ಉಳಿಯಲಿಲ್ಲ.

ಮಧ್ಯಾಹ್ನದ ರೈಲಿಗೆ ಕಾರ್ಯದರ್ಶಿಯ ಜೊತೆಯಲ್ಲೇ ಚಾಂಪಿಯನ್ ರೀಫ್ಸ್‌ಗೆ ಹೋದೆ. ಹಾಲ್‌ನಲ್ಲಿ ಸಂಘದ ಅಧ್ಯಕ್ಷರು ಕಾದಿದ್ದರು. ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದು ದುಡಿದ ಮನುಷ್ಯ. ಅದರ ಸದ್ದಿಗೆ ಕಿವಿ ಮಂದವಾಗಿ, ಮಾತೆಲ್ಲ ಜೋರು. ನಾನು ಕೂಡುವ ಮೊದಲೇ ಶುರು ಮಾಡಿದರು.

"ಲಾಯರಮ್ಮ, ನಾವು ಸುಳ್ಳು ಬರ್ದಿಲ್ಲ. ಎಲ್ರೂ ಬಂದಿದ್ರು. ನಾನೇ ಎಣಿಸಿವ್ನಿ."

"ಎಲ್ಲರೂ ಬಂದಿದ್ದರೆ ಇದು ಏನು?" ಅಂತ ದೂರಿನ ಜೊತೆಗಿದ್ದ ಫೋಟೋ ತೋರಿಸಿದೆ. ಮಹಾಸಭೆಯ ದಿನ ಕಾರ್ಯದರ್ಶಿಯೇ ಹೆಮ್ಮೆಯಿಂದ ವಾಟ್ಸಾಪ್ ಗುಂಪಿಗೆ ಹಾಕಿದ್ದ ಫೋಟೋ ಅದು. ಎರಡು ಸಾಲು ಕುರ್ಚಿ, ಅದರಲ್ಲೂ ಹಿಂದಿನ ಸಾಲು ಅರ್ಧ ಖಾಲಿ. ದೂರುದಾರ ಬೇರೆ ಸಾಕ್ಷಿ ಹುಡುಕಬೇಕಾಗಿರಲಿಲ್ಲ.

ಅಧ್ಯಕ್ಷರು ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ ಗೋಡೆಯ ಒಂದು ಹಲಗೆಯನ್ನು ತೋರಿಸಿದರು. ಸಾಲು ಸಾಲಾಗಿ ಮೊಳೆ ಹೊಡೆದ ಹಳೆಯ ಮರದ ಹಲಗೆ.

"ಬಿಲ್ಲೆಗಳು ಬಂದಿದ್ವು," ಅಂದರು.

ಆಮೇಲೆ ಬಿಡಿಸಿ ಹೇಳಿದರು. ಗಣಿಯಲ್ಲಿ ಪ್ರತಿಯೊಬ್ಬನಿಗೂ ನಂಬರ್ ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಕೆಳಗಿಳಿಯುವಾಗ ಅದನ್ನು ಹಲಗೆಗೆ ಹಾಕಬೇಕು, ಮೇಲೆ ಬಂದಾಗ ತೆಗೆದುಕೊಳ್ಳಬೇಕು. ಪಾಳಿ ಮುಗಿದ ಮೇಲೂ ಮೊಳೆಯಲ್ಲಿ ಬಿಲ್ಲೆ ಉಳಿದಿದ್ದರೆ ಆಳು ಇನ್ನೂ ಕೆಳಗಿದ್ದಾನೆ, ಹುಡುಕಲು ಹೋಗಬೇಕು. ಗಣಿ ಮುಚ್ಚಿದ ಮೇಲೂ ಇವರು ಬಿಲ್ಲೆ ಬಿಡಲಿಲ್ಲ. ಸಂಘದ ಸಭೆಗೆ ಬಂದವನು ಮೊದಲು ಹಲಗೆಗೆ ಬಿಲ್ಲೆ ಹಾಕಿ ಆಮೇಲೆ ಕೂರುವುದು ರೂಢಿಯಾಯಿತು. ವರ್ಷ ಕಳೆದ ಹಾಗೆ ನಡೆಯಲಾರದವರು ಹೆಚ್ಚಾದರು. ಅವರು ಪಕ್ಕದ ಮನೆಯವರ ಕೈಯಲ್ಲಿ ಬಿಲ್ಲೆ ಕಳಿಸತೊಡಗಿದರು. ಅಧ್ಯಕ್ಷರು ಹಲಗೆ ನೋಡಿ ಎಣಿಸುತ್ತಿದ್ದರು, ಕುರ್ಚಿ ನೋಡಿ ಅಲ್ಲ.

"ಬಿಲ್ಲೆ ಬಂದ್ರೆ ಆಳು ಬಂದಂಗೆ ಕಣಮ್ಮ. ಅದ್ರ ಮೇಲೆ ಪ್ರಾಣಾನೇ ಮಡಗಿದ್ವಿ ನಾವು. ಮಡಗಿದ್ವೋ ಇಲ್ವೋ?"

ಇಟ್ಟಿದ್ದರು, ನಿಜ. ಆದರೆ ಬೈಲಾ ಬೇರೆ ಹೇಳುತ್ತಿತ್ತು. ಸದಸ್ಯರಲ್ಲಿ ಅರ್ಧದಷ್ಟು ಜನ ಖುದ್ದಾಗಿ ಹಾಜರಿರಬೇಕು. ಸಂಘ ಕಟ್ಟಿದ ಕಾಲಕ್ಕೆ ಎಲ್ಲರೂ ಗಟ್ಟಿಯಾಗಿ ಓಡಾಡುತ್ತಿದ್ದರು, ಅರ್ಧ ಅಂದರೆ ಯಾರಿಗೂ ದೊಡ್ಡದು ಅನಿಸಿರಲಿಲ್ಲ. ಖುದ್ದಾಗಿ ಅನ್ನುವ ಮಾತನ್ನು ಆಗ ಯಾರೂ ಗಮನಿಸಿಯೂ ಇರಲಿಕ್ಕಿಲ್ಲ.

ಮರುದಿನ ಹಿರಿಯ ವಕೀಲರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಕೇಳಿದರು.

"ಬಿಲ್ಲೆಗಿಲ್ಲೆ ಕಥೆ ಆಫೀಸಲ್ಲಿ ಹೇಳೋಕೆ ಹೋಗ್ಬೇಡಿ," ಅಂದರು. "ಅದು ತಪ್ಪೊಪ್ಪಿಗೆ ಆಗುತ್ತೆ. ಬಿಲ್ಲೆ ಕಳಿಸಿದವರ ಹತ್ತಿರ ಒಂದೊಂದು ಅಫಿಡವಿಟ್ ತಗೊಳ್ಳಿ. ನಾನು ಸಭೆಗೆ ಬಂದಿದ್ದೆ, ಫೋಟೋ ತೆಗೆಯೋ ಹೊತ್ತಿಗೆ ಹೊರಗೆ ಹೋಗಿದ್ದೆ. ಅಷ್ಟೇ. ಅಷ್ಟು ಜನ ಪ್ರಮಾಣ ಮಾಡಿ ಹೇಳಿದ್ರೆ ದೂರು ಬಿದ್ದುಹೋಗುತ್ತೆ. ಬೀಸೋ ದೊಣ್ಣೆಯಿಂದ ತಪ್ಪಿಸಿಕೊಂಡ್ರೆ ಸಾವಿರ ವರ್ಷ ಆಯಸ್ಸು."

ಒಪ್ಪಿಕೊಂಡೆ. ಇದನ್ನು ಮುಚ್ಚಿಡಲಾರೆ, ಆ ಕ್ಷಣ ನನಗೆ ಹಾಯ್ ಅನಿಸಿತು. ಕರಡು ಸಿದ್ಧ ಮಾಡಿದೆವು. ನೋಟರಿಯವರ ಹತ್ತಿರ ದಿನ ಕೇಳಿದೆ. ಮೊದಲನೆಯದಾಗಿ ಕಾರ್ಯದರ್ಶಿಯ ಗಂಡನದೇ ತೆಗೆದುಕೊಳ್ಳೋಣ ಎಂದು ಅವರ ಮನೆಗೆ ಹೋದೆ. ಸಾಲುಮನೆ. ಬಾಗಿಲಿಗೆ ಎದುರಾಗಿಯೇ ಮಂಚ. ದಿಂಬು ಪೇರಿಸಿ ಅದಕ್ಕೆ ಒರಗಿ ಕೂತಿದ್ದರು. ಅವರು ಮಲಗಿದ್ದನ್ನು ನಾನು ಯಾವತ್ತೂ ನೋಡಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ.

ಸಹಿಗೆ ಮೊದಲು ಒಂದು ತಾಲೀಮು ಮಾಡೋಣ ಅಂತ ಕೇಳಿದೆ. ವಿಚಾರಣೆಯ ಅಧಿಕಾರಿ ಕರೆಸಿ ಕೇಳಿದರೆ ಹೇಳಬೇಕಲ್ಲ.

"ಅಣ್ಣ, ಮಹಾಸಭೆ ದಿನ ನೀವು ಎಲ್ಲಿ ಕೂತಿದ್ರಿ?"

"ಇಲ್ಲೇ," ಅಂದರು, ಮಂಚ ತಟ್ಟಿ.

"ಹಾಗಲ್ಲ ಅಣ್ಣ. ಸಭೆಗೆ ಬಂದಿದ್ದೆ ಅಂತ ಈ ಕಾಗದದಲ್ಲಿದೆ."

"ಬಂದಿದ್ದೆ. ಬಿಲ್ಲೆ ಕಳ್ಸಿದ್ನಲ್ಲ."

"ಎಲ್ಲಿ ಕೂತಿದ್ರಿ ಅಂತ ಕೇಳ್ತಾರೆ."

"ಇಲ್ಲೇ ಕುಂತಿದ್ದೆ ಅಂತೀನಿ." ಮಾತು ನಡುವೆ ನಿಂತು ಉಸಿರೆಳೆದುಕೊಂಡರು. "ಇನ್ನೆಲ್ಲಿ ಕುಂತ್ಕಳ್ಲಿ?"

ಕಾರ್ಯದರ್ಶಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು, ಆದರೆ ಕೈಯಲ್ಲಿದ್ದ ಕಾಗದ ಭಾರವಾಯಿತು. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತಲ್ಲ. ಅವರ ಲೆಕ್ಕದಲ್ಲಿ ಹೇಳಬೇಕಾದ ಸುಳ್ಳೇ ಇರಲಿಲ್ಲ. ಅವರನ್ನು ಕೂರಿಸಿ ಸುಳ್ಳು ಕಲಿಸುತ್ತಿದ್ದವಳು ನಾನು. ಇಷ್ಟು ದಿನ ರೂಢಿಯ ತಪ್ಪು ಮಾಡಿದ್ದವರನ್ನು ಕರೆದುಕೊಂಡು ಹೋಗಿ ನಿಜವಾದ ಅಪರಾಧ ಮಾಡಿಸಲು ಹೊರಟಿದ್ದೆ. ಒಬ್ಬರು ಬಾಯಿ ತಪ್ಪಿದರೂ ಎಲ್ಲರ ಮೇಲೂ ಪ್ರಮಾಣದ ಸುಳ್ಳಿನ ಕೇಸು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಸುಳ್ಳು ಒಂದು ದಿನ ಹೊರಗೆ ಬಂದೇ ಬರುತ್ತದೆ. ಕರಡನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದೆ.

ಹಿಂತಿರುಗುವ ರೈಲಿನಲ್ಲಿ ಇನ್ನೊಂದು ಉತ್ತರ ಮನಸ್ಸಿನಲ್ಲೇ ಬರೆದೆ. ನಡೆದದ್ದನ್ನು ನಡೆದ ಹಾಗೇ ಹೇಳುವುದು. ಬಿಲ್ಲೆಯ ರೂಢಿ ಏನು, ಯಾಕೆ ಬಂತು, ಬೈಲಾಗೆ ಅದು ಹೇಗೆ ಹೊಂದುವುದಿಲ್ಲ ಎಂದು ಒಪ್ಪಿಕೊಳ್ಳುವುದು. ಹಣ ದುರುಪಯೋಗ ಆಗಿಲ್ಲ ಎಂಬುದಕ್ಕೆ ಲೆಕ್ಕಪರಿಶೋಧನೆಯ ವರದಿಗಳನ್ನು ಲಗತ್ತಿಸುವುದು. ಕೊನೆಗೆ ಒಂದು ಪ್ರಾರ್ಥನೆ: ಹೊಸದಾಗಿ ಮಹಾಸಭೆ ಕರೆಯಲು ಒಂದು ಅವಕಾಶ ಕೊಡಿ, ನಿಮ್ಮ ಕಡೆಯಿಂದಲೇ ಒಬ್ಬ ವೀಕ್ಷಕರನ್ನು ಕಳಿಸಿ ತಲೆ ಎಣಿಸಿಕೊಳ್ಳಿ.

ವಕೀಲರು ಓದಿ, "ಕುತ್ತಿಗೆ ನೀವೇ ಚಾಚ್ತಿದೀರಿ," ಅಂದರು. ಅವರ ಭಯ ಸುಳ್ಳೇನಲ್ಲ. ಅಧ್ಯಕ್ಷರಂತೂ ಕುರ್ಚಿ ತಳ್ಳಿ ಎದ್ದೇಬಿಟ್ಟರು.

"ನಮ್ ಕೈಲೇ ನಾವು ಕಳ್ರು ಅಂತ ಬರೆಸ್ತೀಯೇನಮ್ಮ?"

"ಕಳ್ಳರು ಅಂತ ಬರೆದಿಲ್ಲ. ತಪ್ಪಾಗಿದೆ ಅಂತ ಬರೆದಿದೀನಿ."

"ಬಿಲ್ಲೆ ತಪ್ಪಾ? ಬಿಲ್ಲೆ ಇಲ್ದಿದ್ರೆ ನಮ್ ಎಣ ಹುಡುಕೋರು ಇರ್ಲಿಲ್ಲ!"

"ಬಿಲ್ಲೆ ತಪ್ಪಲ್ಲ ಅಣ್ಣ. ಆದ್ರೆ ಕೋಲಾರದಲ್ಲಿ ಕೂತವರಿಗೆ ಅದು ಗೊತ್ತಿಲ್ಲ. ಅವರು ಮನುಷ್ಯನನ್ನ ಎಣಿಸ್ತಾರೆ."

ಅವರನ್ನು ಒಪ್ಪಿಸಿದ್ದು ನಾನಲ್ಲ, ಕಾರ್ಯದರ್ಶಿ. "ಅಣ್ಣ, ಮಾನ ಆಮ್ಯಾಕೆ ನೋಡ್ಕಳಣ. ಮೊದ್ಲು ಮಿಷಿನ್ ಉಳಿಸ್ಕಳಣ," ಅಂದಳು. ಅಧ್ಯಕ್ಷರು ಸಹಿ ಹಾಕಿದರು, ನನ್ನ ಮುಖ ನೋಡದೆ.

ಅದೇ ವಾರ ಪ್ರತಿಷ್ಠಾನದ ಕಾರ್ಯಕ್ರಮ ಅಧಿಕಾರಿಯ ಫೋನ್ ಬಂತು. ಒಳ್ಳೆಯ ಹೆಣ್ಣುಮಗಳು. ನಾವು ತಡವಾಗಿ ಕಳಿಸಿದ ವರದಿಗಳಿಗೆಲ್ಲ ತಾಳ್ಮೆಯಿಂದ ಕಾದವಳು.

"ಮೇಡಂ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ," ಅಂದಳು. "ಈ ಸಲದ ವರದಿಯಲ್ಲಿ ಆ ಗಣಿ ಸಂಘದ ಹೆಸರು ಹಾಕ್ಬೇಡಿ. ಬೇರೆ ಸಂಘಗಳದ್ದು ಮಾತ್ರ ಹಾಕಿ. ಕಂತು ಬಿಡುಗಡೆ ಆಗ್ಲಿ. ಆಮೇಲೆ ನೀವು ಅವರಿಗೆ ಸಹಾಯ ಮಾಡಿದ್ರೆ ನಾನೇನು ಬಂದು ನೋಡ್ತೀನಾ?"

ನನ್ನ ಒಳ್ಳೆಯದಕ್ಕೇ ಹೇಳಿದ್ದು. ಬಾಯಿಗೆ ಬಂದ ಹೂಂ ಅನ್ನು ತಡೆದುಕೊಳ್ಳಲು ಕಷ್ಟವಾಯಿತು. ಯೋಚಿಸಿ ಹೇಳ್ತೀನಿ ಅಂದೆ. ಇರುವವರನ್ನು ಇಲ್ಲ ಅಂತ ಬರೆಯುವುದಕ್ಕೂ ಇಲ್ಲದವರನ್ನು ಇದ್ದರು ಅಂತ ಬರೆಯುವುದಕ್ಕೂ ಏನು ವ್ಯತ್ಯಾಸ? ಅಧ್ಯಕ್ಷರ ಕೈಯಲ್ಲಿ ತಪ್ಪೊಪ್ಪಿಗೆ ಬರೆಸಿದ ಪೆನ್ನಿನಲ್ಲೇ ನಾನು ಇದನ್ನು ಹೇಗೆ ಬರೆಯಲಿ? ಹೀಗೆಲ್ಲ ದೊಡ್ಡದಾಗಿ ಯೋಚಿಸುತ್ತಲೇ ಬೇಕರಿಯವರು ಮೆಟ್ಟಿಲ ಹತ್ತಿರ ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ.

ಕೊನೆಗೆ ಪ್ರತಿಷ್ಠಾನಕ್ಕೆ ಒಂದು ಪತ್ರ ಬರೆದೆ. ವಿಚಾರಣೆ ಬಾಕಿ ಇರುವುದರಿಂದಲೇ ಈ ಸಂಘಕ್ಕೆ ನೆರವು ಬೇಕಾಗಿದೆ. ನಿಮ್ಮ ಹಣ ಇಂಥ ದಿನಕ್ಕಲ್ಲದೆ ಯಾವ ದಿನಕ್ಕೆ ಎಂದು ನೇರವಾಗಿ ಕೇಳಿದೆ. ಇನ್ನೊಂದು ವಿಷಯವನ್ನೂ ಸೇರಿಸಿದೆ. ವಕೀಲರ ಫೀಸಿಗೆಂದು ಇಟ್ಟ ಹಣದಲ್ಲಿ ಸ್ವಲ್ಪವನ್ನು ಸದಸ್ಯರನ್ನು ಸಭೆಗೆ ಕರೆತರುವ ಆಟೋಗಳಿಗೆ, ಬಾಡಿಗೆ ಆಮ್ಲಜನಕದ ಸಿಲಿಂಡರುಗಳಿಗೆ ಬಳಸಲು ಅನುಮತಿ ಕೊಡಿ. ಈ ಸಂಘಕ್ಕೆ ಸದ್ಯ ಬೇಕಾಗಿರುವ ಕಾನೂನಿನ ನೆರವು ಇದೇ. ಕಳಿಸು ಅನ್ನುವ ಗುಂಡಿ ಒತ್ತಿದೆ.

ವಕೀಲರು ಮಾತ್ರ, "ನನ್ನ ಫೀಸಿಂದ ಆಟೋ ಓಡಿಸ್ತೀರಾ? ಓಡಿಸಿ, ಓಡಿಸಿ. ನನಗೂ ಒಂದು ಸೀಟು ಇರ್ಲಿ," ಅಂದರು.

ನೋಂದಣಿ ಕಚೇರಿಯಿಂದ ಮೊದಲು ಉತ್ತರ ಬಂತು. ಒಂದೇ ಒಂದು ಅವಕಾಶ. ಬೈಲಾ ಪ್ರಕಾರ ಇಪ್ಪತ್ತೊಂದು ದಿನದ ನೋಟಿಸು ಕೊಟ್ಟು ಸಭೆ ಕರೆಯಿರಿ, ವೀಕ್ಷಕರು ಬರುತ್ತಾರೆ. ಕೋರಂ ಆಗದಿದ್ದರೆ ಈಗಿರುವ ದಾಖಲೆಯ ಮೇಲೆಯೇ ತೀರ್ಮಾನ. ಕ್ಯಾಲೆಂಡರ್ ತೆಗೆದು ಎಣಿಸಿದರೆ ಸಭೆ ಸರಿಯಾಗಿ ಆಷಾಢದ ನಡುವೆ ಬೀಳುತ್ತಿತ್ತು. ಕೆ.ಜಿ.ಎಫ್‌ನಲ್ಲಿ ಇದ್ದವರಿಗೆ ಇದರ ಅರ್ಥ ಗೊತ್ತು. ಆಷಾಢದ ಗಾಳಿ ಎದ್ದರೆ, ಚಿನ್ನ ತೆಗೆದು ಉಳಿದದ್ದನ್ನು ಸುರಿದ ಸೈನೈಡ್ ಗುಡ್ಡದ ಪುಡಿಯೆಲ್ಲ ಬೀದಿಯಲ್ಲಿ. ಗಟ್ಟಿ ಮನುಷ್ಯರೇ ಮೂಗಿಗೆ ಬಟ್ಟೆ ಕಟ್ಟುತ್ತಾರೆ. ಅಂಥ ದಿನ ಇವರನ್ನು ಮನೆಯಿಂದ ಹೊರಗೆ ತರಬೇಕಿತ್ತು. ದಿನ ಮುಂದೆ ಹಾಕಿ ಎಂದು ಕೇಳಿ ಬರೆದೆ. ಆಗುವುದಿಲ್ಲ ಎಂದು ಬಂತು.

ನೋಟಿಸುಗಳನ್ನು ಪ್ರತಿ ಮನೆಗೂ ಹೋಗಿ ಕೈಗೆ ಕೊಟ್ಟು ಸಹಿ ತೆಗೆದುಕೊಂಡೆವು. ಕಾರ್ಯದರ್ಶಿ ಭಾನುವಾರಗಳಲ್ಲಿ, ನಾನು ಉಳಿದ ದಿನಗಳಲ್ಲಿ. ಎಲ್ಲ ಕಡೆಯೂ ಒಂದೇ ಮಾತು: ಬಿಲ್ಲೆ ಕೊಡ್ತೀನಿ, ತಗೊಂಡೋಗಮ್ಮ. ಬೇಡ ಅಂದರೆ ಮುಖ ಸಣ್ಣಗಾಗುತ್ತಿತ್ತು. ಒಬ್ಬ ಅಜ್ಜ ಬಿಲ್ಲೆಯನ್ನು ಬಲವಂತವಾಗಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅದನ್ನು ಅಲ್ಲೇ ಗೂಡಿನಲ್ಲಿಟ್ಟು ಬಂದೆ. ಯಾರು ಬರಬಲ್ಲರು, ಯಾರಿಗೆ ಆಟೋ ಬೇಕು, ಯಾರಿಗೆ ಸಿಲಿಂಡರ್ ಬೇಕು ಎಂದು ಲೆಕ್ಕ ಹಾಕುತ್ತಾ ಹೋದ ಹಾಗೆ ಅರ್ಧಕ್ಕೆ ಸ್ವಲ್ಪ ಮೇಲೆ ಬಂದು ನಿಲ್ಲುತ್ತಿತ್ತು. ಕಾರ್ಯದರ್ಶಿಯ ಗಂಡನನ್ನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಅವರ ಸ್ಥಿತಿ ಹದಗೆಟ್ಟಿತ್ತು. "ಅವ್ರನ್ನ ಕರ್ಕೊಂಡು ಬರ್ಬೇಡ," ಅಂತ ಆಕೆಗೆ ನಾನೇ ಹೇಳಿದ್ದೆ.

ಸಭೆಯ ಹಿಂದಿನ ದಿನದವರೆಗೂ ಪ್ರತಿಷ್ಠಾನದ ಅನುಮತಿ ಬರಲಿಲ್ಲ. ಆಟೋದವರಿಗೂ ಸಿಲಿಂಡರಿನವರಿಗೂ ಮೊದಲ ಕಂತಿನಲ್ಲಿ ಉಳಿದಿದ್ದರಿಂದಲೇ ಕೊಟ್ಟೆ. ಲೆಕ್ಕಪರಿಶೋಧಕರು ಒಪ್ಪದಿದ್ದರೆ ನನ್ನ ಸಂಬಳದಿಂದ ಹಿಡಿಯುತ್ತಾರೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ ಅಂತ ಧೈರ್ಯದ ಮಾತಾಡಲಾರೆ. ಕೊಡದೆ ಬೇರೆ ದಾರಿ ಇರಲಿಲ್ಲ.

ಅವತ್ತು ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆಗೆದು ನೋಡಿದೆ. ಗಾಳಿ ಇತ್ತು. ರೈಲಿಳಿದು ಚಾಂಪಿಯನ್ ರೀಫ್ಸ್‌ನಲ್ಲಿ ನಡೆಯುವಾಗ ಹಲ್ಲಿನ ನಡುವೆ ಪುಡಿ ಕರಕರ ಅಂದಿತು. ಹಾಲ್‌ನ ಕಿಟಕಿಗಳಿಗೆಲ್ಲ ಕಾರ್ಯದರ್ಶಿ ಒದ್ದೆ ಸೀರೆ ಕಟ್ಟಿದ್ದಳು. ವೀಕ್ಷಕರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮಿತಭಾಷಿ ಮನುಷ್ಯ. ಹಲಗೆಯನ್ನು ನೋಡಿ, "ಇದೇನಾ?" ಅಂತ ಮಾತ್ರ ಕೇಳಿ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಬಂದವರ ಗುರುತಿನ ಚೀಟಿ ನೋಡಿ ಹೆಸರು ಬರೆದುಕೊಂಡರು.

ಆಟೋಗಳು ಬಂದವು, ಹೋದವು. ಸಿಲಿಂಡರ್ ಅಪ್ಪಿಕೊಂಡು ಬಂದವರಿದ್ದರು. ಹೆಂಡತಿಯ ಹೆಗಲ ಮೇಲೆ ಕೈ ಹಾಕಿ ಬಂದವರಿದ್ದರು. ಅಷ್ಟು ಜನರ ಕೆಮ್ಮು ಒಂದೇ ಸೂರಿನಡಿ ಕೇಳುವುದು ಸುಲಭವಲ್ಲ. ನಾನು ಕಂಬಕ್ಕೆ ಒರಗಿ ನಿಂತು ತಲೆಗಳನ್ನು ಎಣಿಸುತ್ತಿದ್ದೆ, ತಪ್ಪುತ್ತಿದ್ದೆ, ಮತ್ತೆ ಎಣಿಸುತ್ತಿದ್ದೆ. ಬರುತ್ತೇನೆ ಅಂದಿದ್ದ ಕೆಲವರು ಗಾಳಿಗೆ ಹೆದರಿ ಬಂದಿರಲಿಲ್ಲ. ಅವರ ಮನೆಗಳಿಗೆ ಮತ್ತೆ ಆಟೋ ಕಳಿಸಿದೆ. ಎರಡು ಖಾಲಿ ಬಂದವು.

ಸಮಯವಾಯಿತು. ವೀಕ್ಷಕರು ಎಣಿಸಿ, ಮತ್ತೊಮ್ಮೆ ಎಣಿಸಿ, ತಲೆಯೆತ್ತಿದರು.

"ಒಬ್ಬರು ಕಡಿಮೆ ಇದಾರೆ," ಅಂದರು. "ಬೈಲಾದಲ್ಲಿ ಅರ್ಧ ಗಂಟೆ ಕಾಯೋಕೆ ಅವಕಾಶ ಇದೆ. ಕಾಯ್ತೀನಿ."

ಅಧ್ಯಕ್ಷರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಕಾರ್ಯದರ್ಶಿಯ ಗಂಡನ ಬಿಲ್ಲೆ ಇತ್ತು. ಬೆಳಿಗ್ಗೆ ಅವರ ಮನೆಯ ಮುಂದೆ ಹಾದು ಬರುವಾಗ ಎಂದಿನ ಹಾಗೆ ಇಸಿದುಕೊಂಡು ಬಂದಿದ್ದರಂತೆ. ಬಿಲ್ಲೆ ಹೊರಗೆ ಬಂತು, ಹಲಗೆಯ ಕಡೆ ಅರ್ಧ ಹೋಯಿತು, ನಿಂತಿತು. ಆ ದೊಡ್ಡ ದನಿಯ ಮನುಷ್ಯ ಅಷ್ಟು ಜನರ ಮುಂದೆ ಏನು ಮಾಡುವುದು ತಿಳಿಯದೆ ನಿಂತದ್ದನ್ನು ನೋಡಲಾಗಲಿಲ್ಲ.

ನಾನು ಕಾರ್ಯದರ್ಶಿಯ ಮುಖ ನೋಡಿದೆ. ಏನೂ ಹೇಳಲಿಲ್ಲ. ಹೇಳದೆ ನೋಡಿದ್ದು ಹೇಳಿದ ಹಾಗೇ ಅಲ್ಲವೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆಕೆ ಅಧ್ಯಕ್ಷರ ಕೈಯಿಂದ ಬಿಲ್ಲೆ ತೆಗೆದುಕೊಂಡಳು.

"ಬಿಲ್ಲೆ ಬ್ಯಾಡ ಅಣ್ಣ. ಆಳನ್ನೇ ಕರ್ಕೊಂಡು ಬತ್ತೀನಿ," ಅಂದು ಹೊರಗೆ ಹೋಗಿ ಆಟೋ ಹತ್ತಿದಳು.

ಅರ್ಧ ಗಂಟೆ ಮುಗಿಯುವ ಮೊದಲೇ ಆಟೋ ಸದ್ದು ಕೇಳಿತು. ಓಡಿಹೋದೆ. ಒಳಗೆ ಕಾರ್ಯದರ್ಶಿ ಗಂಡನ ಮೂಗು ಬಾಯಿಗೆ ತನ್ನ ಸೆರಗು ಹಿಡಿದು ಕೂತಿದ್ದಳು. ಅವರ ತುಟಿ ನೀಲಿಯಾಗಿತ್ತು. ಒಬ್ಬರ ಸಿಲಿಂಡರಿನ ಕೊಳವೆಯನ್ನು ಇವರ ಮೂಗಿಗೆ ಸಿಕ್ಕಿಸಿದೆವು. ಇಳಿಸಲು ಕೈಕೊಟ್ಟೆವು, ಕಾಲು ನೆಲಕ್ಕೆ ತಾಗಿದ ಕೂಡಲೇ ಉಸಿರು ಸಿಕ್ಕಿಕೊಂಡಿತು. ಹಾಲ್‌ಗೆ ಮೆಟ್ಟಿಲುಗಳಿದ್ದವು. ಆ ಉಸಿರಿನಲ್ಲಿ ಎತ್ತಿಕೊಂಡು ಹತ್ತಿಸುವುದೂ ಸಾಧ್ಯವಿರಲಿಲ್ಲ.

ವೀಕ್ಷಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಸಭೆಯಲ್ಲಿ ಹಾಜರಿರಬೇಕು," ಅಂದರು. ಕಟುವಾಗಿ ಅಲ್ಲ, ಆದರೂ ಅಂದರು.

ನೋಟಿಸಿನಲ್ಲಿ ಸಭೆಯ ಸ್ಥಳವೆಂದು ಹಾಲ್ ಮತ್ತು ಅದರ ಮುಂದಿನ ಅಂಗಳ ಎರಡನ್ನೂ ನಾನು ಬರೆದಿದ್ದೆ. ಜನ ಹೆಚ್ಚಾದರೆ ಇರಲಿ ಎಂದು, ಯಾವ ಮುಂದಾಲೋಚನೆಯೂ ಇಲ್ಲದೆ. ಈಗ ಅದು ನೆನಪಾಗಿ ಅಧ್ಯಕ್ಷರ ಕಿವಿಯ ಹತ್ತಿರ ಕೂಗಿದೆ. "ಅಣ್ಣ, ಸಭೆ ಅಂಗಳಕ್ಕೆ ತನ್ನಿ!"

"ಏಳ್ರಲಾ!" ಅಂದರು ಅಧ್ಯಕ್ಷರು. "ಎಲ್ಲಾ ಈಚೆಗ್ ಬನ್ರಿ!"

ಆಮೇಲೆ ನಡೆದದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಕುರ್ಚಿಗಳು ಕೈಯಿಂದ ಕೈಗೆ ಹೊರಗೆ ಬಂದವು. ವಕೀಲರು ತಮ್ಮ ಕರಿ ಕೋಟು ಬಿಚ್ಚಿ ಒಬ್ಬ ಅಜ್ಜನ ಮುಖಕ್ಕೆ ಗಾಳಿಗೆ ಅಡ್ಡ ಹಿಡಿದಿದ್ದರು. ಎಲ್ಲರೂ ಆಟೋದ ಸುತ್ತ ಕೂತರು, ಕೂರಲಾಗದವರು ಅದಕ್ಕೇ ಒರಗಿದರು. ವೀಕ್ಷಕರು ಆಟೋದ ಒಳಗೆ ಬಗ್ಗಿ ಹೆಸರು ಕೇಳಿದರು. ಕಾರ್ಯದರ್ಶಿಯ ಗಂಡ ತಡೆ ತಡೆದು ಹೇಳಿದರು. ವೀಕ್ಷಕರು ಬರೆದುಕೊಂಡರು. ಅಧ್ಯಕ್ಷರು ನಿರ್ಣಯಗಳನ್ನು ಓದಿದರು, ಜೀವಮಾನದಲ್ಲಿ ಮೊದಲ ಸಲ ಅವಸರವಾಗಿ. ಲೆಕ್ಕಪತ್ರ ಮಂಜೂರು. ಹೊಸ ಸಮಿತಿ. ಇನ್ನು ಮುಂದೆ ಕೋರಂಗೆ ಅರ್ಧದ ಬದಲು ಕಾಲು ಭಾಗ ಸಾಕೆಂದು ಬೈಲಾ ತಿದ್ದುಪಡಿ. ಕೈಗಳು ಎದ್ದವು. ಆಟೋದೊಳಗಿನ ಕೈ ಹೆಂಡತಿಯ ಕೈ ಹಿಡಿದುಕೊಂಡೇ ಎದ್ದಿತು.

ಸಂಜೆ ಅವರನ್ನು ಆಸ್ಪತ್ರೆಗೆ ಸೇರಿಸಿದರು.

ಮುಂದಿನ ದಿನಗಳ ನೆನಪು ನನಗೆ ಬೇಡ. ನಾನು ಫೋನ್ ಮಾಡಿದರೆ ಕಾರ್ಯದರ್ಶಿ ಎತ್ತುತ್ತಿರಲಿಲ್ಲ. ಆಸ್ಪತ್ರೆಗೆ ಹೋದರೆ, "ಒಳಗೆ ಬಿಡಲ್ವಂತೆ," ಅಂತ ಹೇಳಿ ಗೋಡೆ ನೋಡುತ್ತಿದ್ದಳು. ಆಕೆ ಸಿಟ್ಟು ಮಾಡಿಕೊಂಡದ್ದು ತಪ್ಪೆಂದು ಅಲ್ಲ, ಆ ಸಿಟ್ಟೂ ಸಾಲದೆಂದೇ ನನಗೆ ಅನಿಸುತ್ತಿತ್ತು. ಅಫಿಡವಿಟ್‌ಗೆ ಸಹಿ ಹಾಕಿಸಿದ್ದರೆ ಅವರು ಮಂಚದ ಮೇಲೆ ಕೂತೇ ಇರುತ್ತಿದ್ದರು. ನನ್ನ ಪ್ರಾಮಾಣಿಕತೆಗೆ ಉಸಿರು ಕೊಟ್ಟವರು ಅವರು, ನಾನಲ್ಲ. ಇದನ್ನು ಈಗಲೂ ನುಂಗಿಕೊಳ್ಳಲು ಆಗಿಲ್ಲ. ಕೋಲಾರದಿಂದ ಆದೇಶವಿಲ್ಲ, ಬೆಂಗಳೂರಿನಿಂದ ಪತ್ರವಿಲ್ಲ, ಆಸ್ಪತ್ರೆಯಿಂದ ಒಳ್ಳೆಯ ಮಾತಿಲ್ಲ.

ಮೊದಲು ಬೆಂಗಳೂರಿನ ಫೋನ್ ಬಂತು. ಆಟೋ, ಸಿಲಿಂಡರಿನ ಖರ್ಚನ್ನು ಸಮಿತಿ ಒಪ್ಪಿದೆ, ಕಂತೂ ಬರುತ್ತದೆ ಎಂದು ಕಾರ್ಯಕ್ರಮ ಅಧಿಕಾರಿ ಹೇಳಿದಳು. "ಆದ್ರೆ ಷರತ್ತು ತೆಗೆದಿಲ್ಲ ಮೇಡಂ. ಈ ಸಲ ನಿಮಗೆ ಮಾತ್ರ ವಿನಾಯಿತಿ. ನಿಮ್ಮ ಪತ್ರಾನ ಇಬ್ಬರು ಮೆಚ್ಚಿದ್ರು, ಇಬ್ಬರಿಗೆ ಸಿಟ್ಟು ಬಂತು." ಥ್ಯಾಂಕ್ಸ್ ಹೇಳಿ ಇಟ್ಟೆ. ಮುಂದಿನ ವರ್ಷ ಇದೇ ಜಗಳ ಮತ್ತೆ ಆಡಬೇಕು.

ಆಮೇಲೆ ಆದೇಶ ಬಂತು. ಹಿಂದಿನ ನಡಾವಳಿಗಾಗಿ ಎಚ್ಚರಿಕೆ, ಹೊಸ ಸಭೆ ಸಿಂಧು, ನೋಂದಣಿ ಮುಂದುವರಿಕೆ. ವೀಕ್ಷಕರ ವರದಿಯ ಪ್ರತಿಯೂ ಜೊತೆಗಿತ್ತು. ಹಿಡಿದುಕೊಂಡು ರೈಲು ಹತ್ತಿದೆ.

ಉಸಿರಿನ ಮನೆಯ ಬಾಗಿಲಲ್ಲಿ ಕಾಲು ನಿಂತಿತು. ಮೂಲೆಯ ಕುರ್ಚಿಯಲ್ಲಿ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ಕಾರ್ಯದರ್ಶಿಯ ಗಂಡ ಕೂತಿದ್ದರು. ಹಿಂದಿನ ದಿನ ಮನೆಗೆ ಬಂದಿದ್ದರಂತೆ, ಇಲ್ಲಿಗೆ ಕುರ್ಚಿ ಸಮೇತ ಎತ್ತಿ ತಂದಿದ್ದರು. ಅರ್ಧ ಆಗಿದ್ದರು, ಅಂಗಿ ಮಾತ್ರ ಮೊದಲಿನಷ್ಟೇ ಇತ್ತು. ಪಕ್ಕದಲ್ಲಿ ಹೆಂಡತಿ. ಆಕೆ ನನ್ನನ್ನು ನೋಡಿ ಏಳಲಿಲ್ಲ.

ಅಧ್ಯಕ್ಷರಿಗೆ ಆದೇಶ ಓದಿ ಹೇಳಿದೆ. ಅವರು ಕೇಳಿಸಿಕೊಂಡು, ಹೋಗಿ ಹಲಗೆಯ ಧೂಳು ಒರೆಸತೊಡಗಿದರು. ಮೂಲೆಯಿಂದ ಒಂದು ಬೆರಳು ನನ್ನನ್ನು ಕರೆಯಿತು.

"ಅವತ್ತು," ಅಂದರು ಕಾರ್ಯದರ್ಶಿಯ ಗಂಡ. ಯಂತ್ರ ಒಂದೆರಡು ಸಲ ಉಸ್ಸೆಂದ ಮೇಲೆ ಉಳಿದ ಮಾತು ಬಂತು. "ನಾನೇ ಬಂದಿದ್ದೆ ಅಂತ ಬರ್ಕೊಂಡವ್ರಾ? ಬಿಲ್ಲೆ ಅಂತ ಬರೆದಿಲ್ವಲ್ಲ?"

ವರದಿ ತೆಗೆದು ಅವರ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಹೆಸರಿನ ಮುಂದೆ ವೀಕ್ಷಕರ ಕೈಬರಹದಲ್ಲಿ ಖುದ್ದು ಹಾಜರು ಎಂದಿತ್ತು. ಓದಿ ಹೇಳಿದೆ. ಇನ್ನೊಂದು ಸಲ ಹೇಳಿಸಿಕೊಂಡರು. ಆಮೇಲೆ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು, ಮುಖದಲ್ಲಿ ಪಾಳಿ ಮುಗಿಸಿದವನ ಸಮಾಧಾನ.

ನಾನು ಕಾರ್ಯದರ್ಶಿಯ ಕಡೆ ತಿರುಗಿದೆ. ಏನಾದರೂ ಹೇಳಬೇಕಿತ್ತು, ಬಾಯಿ ಎಂದಿನಂತೆ ಒಣಗಿತ್ತು. ಆಕೆ ಗಂಡನ ಅಂಗಿಯ ಕಾಲರ್ ಸರಿಮಾಡುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು.

"ಮುಂದಿನ್ ಸಭೆ ಗಾಳಿ ಇಲ್ದಿರೋ ತಿಂಗ್ಳಲ್ಲಿ ಮಡಗಕ್ಕ."

"ಆಗಲಿ," ಅಂದೆ. ಆಕೆ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು. ನಾನು ಕೂತೆ.